ರೊಟ್ಟಿ ಡಬ್ಬದಲ್ಲಿ ಕಿವಿಯ ಮಷಿನ್

ನಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನು ಹೊರಗಿನವರು ತೆಗೆಯುವುದು ನನಗೆ ಇಷ್ಟವಿಲ್ಲ. ಮಾನ ಹೋಗುತ್ತದೆ. ತಿರುವನಂತಪುರಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಚೇಚಿ ಒಂದು ಪಾತ್ರೆ ಪಾಯಸ ಹಿಡಿದುಕೊಂಡು ಬಂದಿದ್ದರು. ಇಲ್ಲಿ ನಮಗಿಂತ ದೊಡ್ಡ ಹೆಂಗಸರೆಲ್ಲ ಚೇಚಿಯರೇ, ಅಕ್ಕ ಅಂದಹಾಗೆ. ಅವರ ಫ್ರಿಜ್ಜು ಕೆಟ್ಟಿತ್ತು, ಸಂಜೆಯವರೆಗೆ ನಮ್ಮದರಲ್ಲಿ ಇಟ್ಟುಕೊಳ್ಳಲೇ ಎಂದು ಕೇಳಿದರು. ನಾನು ಒಲೆಯ ಮುಂದಿದ್ದೆ. ಅದಕ್ಕೇನು ಚೇಚಿ, ಇಡಿ ಅಂದೆ. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ, ಆದರೆ ಅಷ್ಟರಲ್ಲಿ ಬಾಗಿಲು ತೆರೆದಾಗಿತ್ತು.

ಅವರು ಪಾತ್ರೆ ಹಿಡಿದುಕೊಂಡೇ ನಿಂತರು. ಹಾಲು, ಮೊಸರು ಇರಬೇಕಾದ ಜಾಗದಲ್ಲಿ ಬಟ್ಟೆಯಲ್ಲಿ ಸುತ್ತಿದ ದುಂಡನೆಯ ಗಂಟು. ಅದರ ಪಕ್ಕದಲ್ಲಿ ಎರಡು ಬೆಂಕಿಪೆಟ್ಟಿಗೆ, ಒಂದು ಕ್ಯಾಮೆರಾ ಲೆನ್ಸು, ಟಾರ್ಚಿನ ಸೆಲ್ಲು. ಬಾಗಿಲಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನನ್ನ ಹತ್ತನೇ ತರಗತಿಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳು. ತರಕಾರಿಯ ಡ್ರಾಯರ್ ಅರ್ಧ ತೆರೆದುಕೊಂಡಿತ್ತು. ಅದರೊಳಗಿನಿಂದ ಒಂದು ಜೊತೆ ಚರ್ಮದ ಚಪ್ಪಲಿ ಹೊರಗೆ ಇಣುಕುತ್ತಿತ್ತು.

ಚೇಚಿ ಬಹಳ ಮರ್ಯಾದಸ್ಥರು. ಏನೂ ಕೇಳಲಿಲ್ಲ. ಪಾಯಸವನ್ನು ಮೆಲ್ಲಗೆ ಬೆಂಕಿಪೆಟ್ಟಿಗೆಯ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದರು. ಸಂಜೆ ವಾಪಸು ಒಯ್ಯಲು ಬಂದಾಗ ಮಾತ್ರ, ನಿಮ್ಮ ಕರ್ನಾಟಕದಲ್ಲಿ ಎಲ್ಲರೂ ಹೀಗೆಯೋ ಎಂದು ಮಲಯಾಳದಲ್ಲಿ ಕೇಳಿದರು. ಇಲ್ಲ ಚೇಚಿ, ನನ್ನ ಗಂಡ ಒಬ್ಬರೇ ಅಂದೆ. ಆಮೇಲೆ ಅವರೂ ನಾನೂ ಬಹಳ ಹೊತ್ತು ನಕ್ಕೆವು.

ಈ ಹುಚ್ಚು ಶುರುವಾದದ್ದು ಕೊಚ್ಚಿಯಲ್ಲಿ. ಮದುವೆಯಾದ ಹೊಸದರಲ್ಲಿ ನಾವು ಮಟ್ಟಾಂಚೇರಿಯಲ್ಲಿ ಬಾಡಿಗೆಗಿದ್ದೆವು. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಒಣಶುಂಠಿಯ ಗೋದಾಮು. ನನ್ನ ಗಂಡ ಬೆಳಿಗ್ಗೆ ದೋಣಿ ಹಿಡಿದು ವಿಲ್ಲಿಂಗ್ಡನ್ ಐಲ್ಯಾಂಡಿನ ಆಫೀಸಿಗೆ ಹೋಗಿಬಿಟ್ಟರೆ ಮನೆಯಲ್ಲಿ ನಾನು, ಶುಂಠಿಯ ಘಾಟು, ಮಳೆ. ನಾನು ಮೈಸೂರಿನವಳು, ಮಳೆ ಅಂದರೆ ಬಂದು ಹೋಗುವ ನೆಂಟರು ಎಂದು ತಿಳಿದುಕೊಂಡವಳು. ಇಲ್ಲಿ ಅದು ಮನೆಯೊಳಗೇ ವಾಸಕ್ಕೆ ಬಂತು. ಉಪ್ಪು ನೀರಾಯಿತು. ಬೆಂಕಿಕಡ್ಡಿ ಗೀರಿದರೆ ಮದ್ದು ಕಿತ್ತು ಬರುತ್ತಿತ್ತು. ಮದುವೆಯ ಆಲ್ಬಂ ತೆಗೆದು ನೋಡಿದರೆ ನನ್ನ ಮುಖದ ತುಂಬ ಬೂಷ್ಟು. ಗಂಡನ ಮುಖಕ್ಕೆ ಏನೂ ಆಗಿರಲಿಲ್ಲ, ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಅವರು ವಿಜಯಪುರದ ಕಡೆಯವರು. ಬೂಷ್ಟು ಹಿಡಿದ ಬೆಲ್ಟನ್ನೂ ಆಲ್ಬಮ್ಮನ್ನೂ ತಣ್ಣಗೆ ಸಹಿಸಿಕೊಂಡ ಮನುಷ್ಯ, ಊರಿನಿಂದ ಅತ್ತೆ ಕಳಿಸಿದ ಕಟಕ ರೊಟ್ಟಿಗೆ ಬಂದ ಗತಿಯನ್ನು ಸಹಿಸಲಿಲ್ಲ. ಜೋಳದ ಆ ರೊಟ್ಟಿಯನ್ನು ಹಪ್ಪಳದಂತೆ ಒಣಗಿಸಿರುತ್ತಾರೆ, ಮುರಿದರೆ ಸದ್ದು ಬರಬೇಕು. ಎರಡೇ ದಿನದಲ್ಲಿ ಅದು ಕರವಸ್ತ್ರದ ಹಾಗೆ ಮಡಚಿಕೊಳ್ಳತೊಡಗಿತು. ಬಿಸಿಲಿಗಿಟ್ಟರು, ಬಿಸಿಲಿರಲಿಲ್ಲ. ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರು, ಹೆಂಚಿನ ಮೇಲೆ ಕಾಯಿಸಿದರು. ಕೊನೆಗೆ ಜಾಗ ಸಾಲದೆ ನಾನು ಒಂದಷ್ಟನ್ನು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ತುರುಕಿದ್ದೆ. ಎರಡು ದಿನ ಬಿಟ್ಟು ಅದನ್ನು ತೆಗೆದು ಮುರಿದರೆ ಟಪ್ ಎಂದಿತು. ನನ್ನ ಗಂಡ ಇಂಜಿನಿಯರು. ಅವರು ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ಮುರಿದರು.

"ಇದು ಥಂಡಿ ಮಾಡೂ ಪೆಟಗಿ ಅಲ್ಲ, ಒಣಗಿಸೂ ಪೆಟಗಿ," ಎಂದು ಸಾರಿದರು. "ಇದರಾಗ ನಮ್ಮೂರ ಹವಾ ಐತಿ."

ಅಲ್ಲಿಗೆ ನನ್ನ ಕಥೆ ಮುಗಿಯಿತು. ಒಣಗಿರಬೇಕಾದದ್ದೆಲ್ಲ ಒಂದೊಂದಾಗಿ ಒಳಗೆ ಹೋಯಿತು. ಬೆಂಡೆಕಾಯಿ ಹೊರಗೆ ಬುಟ್ಟಿಯಲ್ಲಿ ಬಾಡುತ್ತಿತ್ತು, ನನ್ನ ಅಂಕಪಟ್ಟಿ ಒಳಗೆ ತಂಪಾಗಿ ಕೂತಿತ್ತು. ಊರಿನಲ್ಲಿ ಹೇಳಿ ಮಾಡಿಸಿ ತಂದ ಚಪ್ಪಲಿ ಒಳಹೊಕ್ಕ ದಿನ ನಾನು ಕೂಗಾಡಿದೆ. ಅವರು ಅದನ್ನು ಎರಡು ಸುತ್ತು ಪೇಪರಿನಲ್ಲಿ ಸುತ್ತಿದರು, ಅದೇ ಅವರು ನನಗೆ ತೋರಿದ ದಯೆ.

ಆಮೇಲೆ ನೋಡಿದರೆ ಊರು ಬಿಟ್ಟು ಬಂದವರ ಫ್ರಿಜ್ಜುಗಳೆಲ್ಲ ಸ್ವಲ್ಪ ಹೀಗೆಯೇ. ತಿರುವನಂತಪುರಕ್ಕೆ ವರ್ಗವಾದ ಮೇಲೆ ಪರಿಚಯವಾದ ಒಬ್ಬ ವಿಜ್ಞಾನಿಯ ಮನೆಯಲ್ಲಿ ಫ್ರೀಜರಿನ ಬಾಗಿಲು ತೆಗೆದರೆ ಬರೀ ಹಿತಕಿದ ಅವರೆಬೇಳೆ. ವರ್ಷವಿಡೀ ಸಾಲಬೇಕಂತೆ, ಅವರ ಮಕ್ಕಳು ಐಸ್‌ಕ್ರೀಮಿನ ಆಸೆಯನ್ನೇ ಬಿಟ್ಟಿದ್ದಾರೆ. ಐಟಿ ಪಾರ್ಕಿನಲ್ಲಿ ನನ್ನ ಜೊತೆ ಕೆಲಸ ಮಾಡುವ ನಾಲ್ವರು ಕನ್ನಡದ ಹುಡುಗರು ಒಂದೇ ಫ್ಲಾಟಿನಲ್ಲಿದ್ದಾರೆ. ಒಬ್ಬನ ಒಣಮೀನು, ಒಬ್ಬನ ಹಬ್ಬದ ಮಟನ್, ಒಬ್ಬನ ಪುಳಿಯೋಗರೆ ಗೊಜ್ಜು ಮೂರೂ ಟೇಪು ಅಂಟಿಸಿಕೊಂಡು ಅಣ್ಣತಮ್ಮಂದಿರಂತೆ ಕೂತಿರುತ್ತವೆ. ನಾಲ್ಕನೆಯವನು ಮಧ್ಯಾಹ್ನದ ಊಟದ ಡಬ್ಬ ಮರೆಯಬಾರದೆಂದು ಬೈಕಿನ ಕೀಲಿಯನ್ನು ಅದರ ಮೇಲೆಯೇ ಇಟ್ಟು ಬಾಗಿಲು ಹಾಕುತ್ತಾನೆ. ಇವರನ್ನೆಲ್ಲ ನೋಡಿದ ಮೇಲೆ ನನ್ನ ಗಂಡನ ಮೇಲಿನ ಸಿಟ್ಟು ಕಡಿಮೆಯಾಯಿತು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಅವರು ಬಂದ ದಿನವೇ ಫ್ರಿಜ್ಜನ್ನು ಪೂರ್ತಿ ಖಾಲಿ ಮಾಡಿಸಿ ಹೊಸದಾಗಿ ಜೋಡಿಸಿದರು. ಮಗನ ಸಿದ್ಧಾಂತದ ಬಗ್ಗೆ ಅವರ ತಕರಾರಿರಲಿಲ್ಲ. ತಕರಾರಿದ್ದದ್ದು ಕ್ರಮದ ಬಗ್ಗೆ. ವಿಭೂತಿಯ ಗಟ್ಟಿ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ರೊಟ್ಟಿಯ ದೊಡ್ಡ ಸ್ಟೀಲ್ ಡಬ್ಬ, ಆಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಾಲು, ಮೊಸರು. ಕಾಗದಪತ್ರ ಬಾಗಿಲಿನಲ್ಲಿ.

"ದೇವರದು ಮ್ಯಾಲ, ಹೊಟ್ಟಿದು ನಡುವ, ಕಾಲಂದು ತಳಕ್ಕ," ಎಂದು ಚಪ್ಪಲಿಯ ಪೊಟ್ಟಣವನ್ನು ತಮ್ಮ ಕೈಯಿಂದಲೇ ಡ್ರಾಯರಿಗೆ ತಳ್ಳಿದರು. ನಾನು ತರಕಾರಿ ಎಲ್ಲಿಡಲಿ ಎಂದು ಕೇಳಿದ್ದಕ್ಕೆ, "ದಿನಾ ತಂದು ದಿನಾ ಮಾಡ ಬೇ, ತಾಜಾ ಇರ್ತೈತಿ," ಅಂದರು. ನಾನು ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತೇನೆ ಎಂಬುದು ಅವರಿಗೆ ಆಗಾಗ ಮರೆತುಹೋಗುತ್ತದೆ.

ಅವರಿಗೆ ಆಗಲೇ ಕಿವಿ ಮಂದವಾಗಿತ್ತು. ಕೂಗಿ ಹೇಳಿದರೆ ಕೇಳುತ್ತಿತ್ತು, ಸಾಧಾರಣ ಮಾತು ಕೇಳುತ್ತಿರಲಿಲ್ಲ. ನನಗೂ ನನ್ನ ಗಂಡನಿಗೂ ಕೂಗಿ ಕೂಗಿ ರೂಢಿಯಾಯಿತು. ತೊಂದರೆ ಇದ್ದದ್ದು ಮಗಳ ವಿಷಯದಲ್ಲಿ.

ನನ್ನ ಮಗಳು ಕೊಚ್ಚಿಯಲ್ಲಿ ಹುಟ್ಟಿದವಳು. ಆಗ ಅವಳಿಗೆ ಹತ್ತು ವರ್ಷ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ನನ್ನ ಮೈಸೂರಿನದೂ ಅವಳಪ್ಪನ ವಿಜಯಪುರದ್ದೂ. ಆದರೆ ಉತ್ತರ ಮಾತ್ರ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಊಟಕ್ಕೆ ಬಾ ಅಂದರೆ 'ದಾ ವರುನ್ನು' ಎಂದು ಕೋಣೆಯಿಂದ ಕೂಗುತ್ತಾಳೆ, ಇಗೋ ಬಂದೆ ಎಂದು. ನಮಗೆ ಅಭ್ಯಾಸವಾಗಿಹೋಗಿತ್ತು. ಅತ್ತೆಗೆ ಮಲಯಾಳ ಒಂದಕ್ಷರ ಬಾರದು.

ಆದರೂ ಅಜ್ಜಿ ಮೊಮ್ಮಗಳಿಗೆ ದಿನಕ್ಕೊಂದು ಗಂಟೆ ಇತ್ತು. ನಾಲ್ಕಕ್ಕೆ ಶಾಲೆಯ ಬಸ್ಸು ಬರುತ್ತದೆ. ಬ್ಯಾಗು ಎಸೆದು ಮಗಳು ನೇರ ಅಜ್ಜಿಯ ಕೋಣೆಗೆ ಹೋಗುತ್ತಿದ್ದಳು. ಎದುರಿಗೆ ಕೂತು, ಅಜ್ಜಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಶಾಲೆಯ ಸಮಾಚಾರವನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದಳು. ಬೆರಳುಗಳನ್ನು ಸುತ್ತಿ ಕಣ್ಣಿಗಿಟ್ಟುಕೊಂಡರೆ ದಪ್ಪ ಕನ್ನಡಕದ ಟೀಚರು. ನೆಲಕ್ಕೆ ಅಂಗೈ ಹೊಡೆದರೆ ಯಾರೋ ಬಿದ್ದರು. ಮೂಗು ಮುಚ್ಚಿಕೊಂಡರೆ ಶಾಲೆಯ ಕಕ್ಕಸು. ಅತ್ತೆ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ವಾರದಲ್ಲಿ ಮೂರು ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಪಕ್ಕದ ಕೋಣೆಯಲ್ಲಿ ಕೂತ ನನಗೆ ನೆಲಕ್ಕೆ ಬಡಿಯುವ ಸದ್ದು, ನಗು ಇಷ್ಟೇ ಕೇಳುತ್ತಿತ್ತು.

ನನಗೆ ಅಯ್ಯೋ ಅನ್ನಿಸುತ್ತಿತ್ತು. ಅಜ್ಜಿಯ ಬಾಯಿಂದ ಕಥೆ ಕೇಳಬೇಕಾದ ವಯಸ್ಸಿನಲ್ಲಿ ಈ ಹುಡುಗಿ ಮೂಕಿಯಂತೆ ಕೈ ಆಡಿಸುತ್ತ ಕೂತಿದ್ದಾಳಲ್ಲ ಎಂದು. ಇವರಿಬ್ಬರೂ ಬಾಯಿಬಿಟ್ಟು ಮಾತಾಡಬೇಕು, ಅದೂ ಅತ್ತೆಯ ಕೈಕಾಲು ಗಟ್ಟಿಯಿರುವಾಗಲೇ ಆಗಬೇಕು ಎಂಬುದು ನನ್ನ ತಲೆ ಹೊಕ್ಕಿತು. ನನ್ನ ತಲೆಗೆ ಏನಾದರೂ ಹೊಕ್ಕರೆ ಮನೆಯವರಿಗೆಲ್ಲ ಕಷ್ಟ. ಅತ್ತೆ ಬೇಡ ಬೇಡ ಅಂದರೂ ಕೇಳದೆ ಅವರನ್ನು ಕರೆದುಕೊಂಡು ಹೋಗಿ ಕಿವಿಗೆ ಮಷಿನ್ ಹಾಕಿಸಿದೆ.

ಮೊದಲ ದಿನ ಮನೆಯಲ್ಲಿ ಹಬ್ಬ. ಅತ್ತೆ ಫ್ಯಾನಿನ ಕೆಳಗೆ ನಿಂತು ಮೇಲೆ ನೋಡಿದರು. "ಇದು ಇಷ್ಟ್ ದಿನಾ ಹಿಂಗ ಒದರ್ತಿತ್ತೇನ?" ಕಾಗೆ, ಕುಕ್ಕರು, ಚೇಚಿ ಮನೆಯ ಟೀವಿ ಎಲ್ಲ ಕೇಳಿಸಿತು. ಊಟಕ್ಕೆ ಕೂತಾಗ ಮಗನ ಕಡೆ ತಿರುಗಿ, "ಸಪ್ಪಳ ಮಾಡಲಾರದ ಉಣ್ಣೋ," ಅಂದರು. ನಲವತ್ತು ದಾಟಿದ ಇಂಜಿನಿಯರು ಬಾಯಿ ಮುಚ್ಚಿಕೊಂಡು ಅಗಿದರು. ಮಗಳು ದೂರದ ಕೋಣೆಗೆ ಹೋಗಿ ಮೆಲ್ಲಗೆ 'ಅಜ್ಜೀ' ಅಂದಳು. ಅತ್ತೆ ಓ ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಮತ್ತು ನಾನು, ಈ ಕೆಲಸ ಮುಗಿಯಿತು ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದೆ.

ಮಷಿನ್ ಕೊಟ್ಟ ಹುಡುಗಿ ಒಂದೇ ಎಚ್ಚರಿಕೆ ಹೇಳಿದ್ದಳು, ತೇವ ತಾಗಬಾರದು ಎಂದು. ಮಲಗುವಾಗ ತೆಗೆದು ಒಣಗಿದ ಜಾಗದಲ್ಲಿ ಇಡಬೇಕು. ತೇವ ಹೀರುವ ಮಣಿಗಳಿರುವ ಒಂದು ಪುಟ್ಟ ಡಬ್ಬವನ್ನೂ ಕೊಟ್ಟಿದ್ದಳು. ಮೂರೇ ವಾರಕ್ಕೆ ಮಷಿನ್ ನಿಂತುಹೋಯಿತು. ವಾಪಸು ಒಯ್ದೆವು. ಅವಳು ಬಿಚ್ಚಿ ನೋಡಿ, ಒಳಗೆಲ್ಲ ನೀರಿನ ಪಸೆ ಇದೆ, ಅಮ್ಮ ಇದನ್ನು ಹಾಕಿಕೊಂಡೇ ಸ್ನಾನ ಮಾಡುತ್ತಾರಾ ಎಂದು ಕೇಳಿದಳು. ಅತ್ತೆಗೆ ಅವಮಾನವಾಯಿತು. ಸರಿಮಾಡಿ ಕೊಟ್ಟರು. ಸ್ವಲ್ಪ ದಿನಕ್ಕೆ ಮತ್ತೆ ನಿಂತಿತು.

ಎರಡನೆಯ ಸಲ ಸರಿಮಾಡಿಸಿ ತಂದ ಮೇಲೆ ಒಂದು ದಿನ ಬೆಳಿಗ್ಗೆ ನಾನು ರೊಟ್ಟಿ ತೆಗೆಯಲೆಂದು ಸ್ಟೀಲ್ ಡಬ್ಬದ ಮುಚ್ಚಳ ತೆಗೆದರೆ ರೊಟ್ಟಿಯ ರಾಶಿಯ ಮೇಲೆ, ಮಡಚಿದ ಕರವಸ್ತ್ರದಲ್ಲಿ, ಕಿವಿಯ ಮಷಿನ್ ಮಲಗಿದೆ. ನನಗೆ ನಗು ತಡೆಯಲಾಗಲಿಲ್ಲ. ಒಣಗಿದ ಜಾಗ ಅಂದಿದ್ದರಲ್ಲ, ನಮ್ಮ ಮನೆಯಲ್ಲಿ ಅದಕ್ಕಿಂತ ಒಣಗಿದ ಜಾಗ ಯಾವುದಿದೆ! ಆ ಪುಟ್ಟ ಮಣಿಯ ಡಬ್ಬದ ಮೇಲೆ ಅತ್ತೆಗೆ ನಂಬಿಕೆ ಬಂದಿರಲಿಲ್ಲ. "ಅಷ್ಟ್ ದೊಡ್ಡ ಪೆಟಗಿ ಇರೂವಾಗ ಇಷ್ಟ್ ಸಣ್ಣದ್ಯಾಕ ಬೇ?" ಎಂದು ಕೇಳಿದರು. ತಪ್ಪು ಅವರದಲ್ಲ, ಈ ಮನೆಯ ಮತವೇ ಅದು. ನನ್ನ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ನಾನು ಇಬ್ಬರಿಗೂ ಪಾಠ ಮಾಡಿದೆ. ತಣ್ಣಗಿನ ನೀರಿನ ಬಾಟಲಿ ಹೊರಗಿಟ್ಟರೆ ಹೇಗೆ ಬೆವರುತ್ತದೋ, ಈ ಮಷಿನ್ನೂ ಹೊರಗೆ ಬಂದಕೂಡಲೇ ಹಾಗೆ ಬೆವರುತ್ತದೆ, ಆ ನೀರೇ ಒಳಗೆ ಇಳಿಯುತ್ತದೆ. ಅತ್ತೆ ಕೇಳಿದರು, ತಲೆ ಅಲ್ಲಾಡಿಸಿದರು. ಇಂಜಿನಿಯರೂ ತಲೆ ಅಲ್ಲಾಡಿಸಿದರು. ನಾನು ಈ ಕಥೆಯನ್ನು ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ.

ಆದ್ದರಿಂದ ಹದಿನೈದು ದಿನ ಬಿಟ್ಟು ಒಂದು ಮಧ್ಯಾಹ್ನ ಅದೇ ಡಬ್ಬದಲ್ಲಿ ಅದೇ ಕರವಸ್ತ್ರ ಕಂಡಾಗ ನನಗೆ ನಗು ಬರಲಿಲ್ಲ. ಗಂಟೆ ಆಗ ನಾಲ್ಕಕ್ಕೆ ಐದು ನಿಮಿಷವಿತ್ತು. ಹಗಲು ಹೊತ್ತಿನಲ್ಲಿ ಅದು ಅವರ ಕಿವಿಯಲ್ಲಿರಬೇಕು. ಮಷಿನ್ ತಣ್ಣಗೆ ಕೊರೆಯುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ಅವರ ಕೋಣೆಗೆ ನುಗ್ಗಿದೆ. ಅತ್ತೆ ಬಾಗಿಲಿಗೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು, ತಲೆ ಬಾಚಿಕೊಂಡು, ಯಾರೋ ಬರುವವರಿದ್ದಾರೆ ಎಂಬ ಹಾಗೆ.

ನಾನು ಕೂಗಿದೆ. ಮಷಿನ್ ಇಲ್ಲದೆಯೂ ಕೇಳುವಷ್ಟು ಜೋರಾಗಿ.

"ಏನತ್ತೆ ಇದು? ಎಷ್ಟು ಸಲ ಹೇಳ್ಬೇಕು ನಿಮಗೆ? ಮತ್ತೆ ಕೆಡ್ಸಿದ್ರಲ್ಲ! ನಿಮಗೆ ಬೇಡದಿದ್ರೆ ಬೇಡ ಅಂತ ಹೇಳಿ, ನಾನ್ಯಾಕೆ ಸಾಯ್ಲಿ ಇದರ ಹಿಂದೆ?"

"ಒದರಬ್ಯಾಡ ಬೇ," ಅಂದರು ಅತ್ತೆ. "ಕೆಡ್ಲಿ ಅಂತ ಇಟ್ಟಿಲ್ಲ. ನಾಕ್ ಆಗಾಕ ಬಂತು, ಅಕಿ ಬರೂ ಹೊತ್ತು. ಅದಕ್ಕ ತಗದಿಟ್ಟೆ. ಅಕಿ ಬಂದು ಹೋದ ಮ್ಯಾಲ ಮತ್ತ ಹಾಕ್ಕೊಂತೀನಿ."

"ಅವಳು ಬರೋ ಹೊತ್ತಿಗೇ ಅಲ್ವಾ ಅದು ಬೇಕಿರೋದು? ಅವಳ ಮಾತು ಕೇಳ್ಲಿ ಅಂತಾನೇ ಅಲ್ವಾ ಹಾಕ್ಸಿದ್ದು?"

ಅತ್ತೆ ಮಂಚದ ಅಂಚಿಗೆ ಸರಿದು ಕೂತರು. ಆಮೇಲೆ ಒಂದೇ ಸಮನೆ ಹೇಳಿದರು. ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ನಾನು ಕೇಳಿರಲಿಲ್ಲ.

"ಕೇಳಸ್ತೈತಿ ಬೇ. ಖರೇನ ಹೇಳ್ತೀನಿ, ಅಕಿ ಆಡೂದು ಒಂದೊಂದ್ ಅಕ್ಷರನೂ ಕೇಳಸ್ತೈತಿ. ಒಂದೂ ತಿಳಿಯಂಗಿಲ್ಲ. ಮೊದಲ ಕಿವಿ ಮಂದ ಇದ್ದಾಗ ನನಗ ಒಂದ್ ಸಮಾಧಾನ ಇತ್ತು, ಕೇಳಂಗಿಲ್ಲ, ಅದಕ್ಕ ತಿಳಿಯಂಗಿಲ್ಲ ಅಂತ. ಅಕಿಗೂ ಹಂಗ ಇತ್ತು. ಅಜ್ಜಿ ಕಿವುಡಿ ಅಂತ ಬಂದು, ಎದುರಿಗೆ ಕುಂತು, ಗದ್ದಾ ಹಿಡದು, ಕೈ ಮಾಡಿ ಮಾಡಿ ಹೇಳ್ತಿದ್ಲು. ಈಗ ಅಜ್ಜಿಗೆ ಕೇಳಸ್ತೈತಲ್ಲ, ಬಾಗಲದಾಗ ನಿಂತು ನಾಕ್ ಮಾತು ಒಗದು ಹೋಗಿಬಿಡ್ತಾಳ. ನೀ ನನಗ ಕಿವಿ ಕೊಡ್ಸಿದಿ. ನನ್ನ ಮೊಮ್ಮಗಳು ಕೈ ಬಿಟ್ಟು ಹೋದ್ಲು."

ನನ್ನ ಕೈಯಲ್ಲಿದ್ದ ಮಷಿನ್ ಆಗಲೇ ಬೆವರಲು ಶುರುಮಾಡಿತ್ತು. ನಾಲ್ಕು ಗಂಟೆಯ ಆ ನಗು, ನೆಲ ಬಡಿಯುವ ಸದ್ದು ಪಕ್ಕದ ಕೋಣೆಯಿಂದ ಕೇಳಿ ಎಷ್ಟು ದಿನವಾಯಿತು ಎಂದು ಯೋಚಿಸಿದೆ. ಮಷಿನ್ ಬಂದ ಮೇಲೆ ಒಂದು ದಿನವೂ ಕೇಳಿರಲಿಲ್ಲ. ಮನೆ ಶಾಂತವಾಗಿದೆ, ಕೆಲಸ ಚೆನ್ನಾಗಿ ಸಾಗುತ್ತಿದೆ ಎಂದು ನಾನು ಖುಷಿಯಾಗಿದ್ದೆ. ನಾಚಿಕೆಯಾಯಿತು ನನಗೆ.

ತಿರುಗಿದರೆ ಬಾಗಿಲಲ್ಲಿ ಮಗಳು. ಬೆನ್ನಿನ ಮೇಲೆ ಬ್ಯಾಗು ಹಾಗೆಯೇ ಇತ್ತು. ನಾವಾಡಿದ್ದೆಲ್ಲ ಕನ್ನಡ, ಅವಳಿಗೆ ಎಲ್ಲ ತಿಳಿಯುತ್ತದೆ. ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ನಾನೇ ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಜ್ಜಿಯ ಹತ್ತಿರ ನಾಲ್ಕು ಮಾತು ಕನ್ನಡದಲ್ಲಿ ಆಡಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಿದೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಅವಳು ಗೋಡೆಯ ಕಡೆಗೇ ನೋಡುತ್ತ ಮಲಯಾಳದಲ್ಲಿ ಉತ್ತರ ಕೊಟ್ಟಳು. ನಾನು ಕನ್ನಡ ಮಾತಾಡಿದರೆ ನೀವೆಲ್ಲ ನಗುತ್ತೀರಿ ಅಂದಳು.

ಯಾರು ನಕ್ಕರು ಅಂದೆ. ವಿಜಯಪುರದ ಮದುವೆಯಲ್ಲಿ ಅಂದಳು.

ನೆನಪಾಯಿತು. ಎರಡು ವರ್ಷದ ಹಿಂದೆ ನನ್ನ ಗಂಡನ ಕಡೆಯ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಇವಳು ಬಡಿಸುವವರನ್ನು ಕರೆದು ಕನ್ನಡದಲ್ಲಿ ನೀರು ಕೇಳಿದಳು. ಕನ್ನಡ ಸರಿಯಾಗಿಯೇ ಇತ್ತು. ಆದರೆ ಮಲಯಾಳದವರು ಹಾಡುವ ಹಾಗೆ ಕೊನೆಯಲ್ಲಿ ಉದ್ದಕ್ಕೆ ಎಳೆದಳು. ಓರಗೆಯ ಮಕ್ಕಳು ಗೊಳ್ಳೆಂದು ನಕ್ಕರು, ಊಟ ಮುಗಿಯುವವರೆಗೂ ಹಾಗೆಯೇ ಎಳೆದು ಎಳೆದು ನೀರು ಕೇಳಿದರು. ನಾನೂ ನಕ್ಕಿದ್ದೆ. ನಕ್ಕದ್ದಷ್ಟೇ ಅಲ್ಲ, ಮೈಸೂರಿಗೆ ಹೋದಾಗ ನನ್ನ ಅಕ್ಕನ ಮುಂದೆ ಅದನ್ನು ಅಭಿನಯಿಸಿ ತೋರಿಸಿದ್ದೆ. ಫೋನಿನಲ್ಲಿ ಎಷ್ಟು ಜನಕ್ಕೆ ಹೇಳಿ ನಗಿಸಿದ್ದೆನೋ. ಆಗೆಲ್ಲ ಇವಳು ಅಲ್ಲೇ ಎಲ್ಲೋ ಆಡಿಕೊಂಡಿರುತ್ತಿದ್ದಳು. ಇವಳಿಗೆ ಕೇಳಿಸುತ್ತದೆ, ಅರ್ಥವಾಗುತ್ತದೆ ಎಂಬುದು ಬಾಯಿ ಚಪಲದ ಮುಂದೆ ನನಗೆ ಹೊಳೆದಿರಲೇ ಇಲ್ಲ.

ತಪ್ಪಾಯಿತು ಎಂದು ಕೇಳಿಕೊಂಡೆ. ಹತ್ತು ವರ್ಷದ ಮಕ್ಕಳಿಂದ ಕ್ಷಮೆ ಸಿಗುವುದು ಅಷ್ಟು ಸುಲಭವಲ್ಲ. ಅವಳು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಮಷಿನ್ ಮತ್ತೆ ದುರಸ್ತಿಗೆ ಹೋಯಿತು. ಈ ಸಲ ಒಂದು ವಾರ ಬೇಕು ಅಂದರು. ಆ ವಾರವಾದರೂ ನಾಲ್ಕು ಗಂಟೆ ಮೊದಲಿನಂತಾಗುತ್ತದೆ ಎಂದು ನಾನು ದಿನವೂ ಮನೆಯಿಂದಲೇ ಕೆಲಸ ಮಾಡುತ್ತ ಕಾದೆ. ಆಗಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಗಳಿಗೆ ಈಗ ಅಜ್ಜಿಯ ಎದುರು ಕೂರುವುದೇ ಮುಜುಗರ. ಬಸ್ಸಿಳಿದು ಬಂದು ನೇರ ತನ್ನ ಕೋಣೆಗೆ ಹೋಗುತ್ತಿದ್ದಳು. ಅತ್ತೆ ಮೂರೂವರೆಗೇ ತಲೆ ಬಾಚಿಕೊಂಡು ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಐದಾದ ಮೇಲೆ ಎದ್ದು ಅಡುಗೆಮನೆಗೆ ಬಂದು, ನಾನು ಕೇಳದಿದ್ದರೂ ಬೆಳ್ಳುಳ್ಳಿ ಬಿಡಿಸಿ ಕೊಡುತ್ತಿದ್ದರು. ಮೂರು ದಿನ ಹೀಗೆ ನಡೆಯಿತು. ಬೆಳ್ಳುಳ್ಳಿ ಒಂದು ಬಟ್ಟಲು ತುಂಬಿ ಎರಡನೆಯದಕ್ಕೆ ಬಂತು. ನನ್ನ ಗಂಡ ಒಂದು ಸಲ ಮಗಳನ್ನು ಕರೆದು ಬುದ್ಧಿ ಹೇಳಲು ಹೊರಟರು. ಬೇಡ, ನಾವಿಬ್ಬರೂ ಇದರಲ್ಲಿ ಬಾಯಿ ಹಾಕುವುದು ಬೇಡ ಎಂದು ನಾನು ತಡೆದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ಅವರು ಗಾಬರಿಯಾದರು.

ನಾಲ್ಕನೆಯ ದಿನ ಅವಳು ಅಜ್ಜಿಯ ಕೋಣೆಗೆ ಹೋದಳು. ಕೈಮಾತು ಬರಲಿಲ್ಲ. ಅಜ್ಜಿಯ ಪಕ್ಕ ಮಂಚದ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಅತ್ತೆ ಅವಳ ಜಡೆ ಬಿಚ್ಚಿ ಮತ್ತೆ ಹೆಣೆದರು. ಅದು ಮುಗಿದ ಮೇಲೆ ಅವಳು ಎದ್ದು ಹೋದಳು. ಮರುದಿನವೂ ಅಷ್ಟೇ. ಇನ್ನು ಇಷ್ಟರಲ್ಲೇ ತೃಪ್ತಿಪಡಬೇಕೇನೋ ಅಂದುಕೊಂಡೆ. ಈ ಮನೆಯಲ್ಲಿ ಎಲ್ಲವನ್ನೂ ಸರಿಮಾಡಲು ಹೋಗಿ, ಸರಿಯಾಗಿದ್ದ ಒಂದನ್ನು ನಾನೇ ಕೆಡಿಸಿದ್ದೆ.

ಮಷಿನ್ ವಾಪಸು ಬಂತು. ಹಾಕಿಕೊಳ್ಳಿ ಎಂದು ನಾನು ಹೇಳಲಿಲ್ಲ. ಮಣಿಯ ಡಬ್ಬದ ಸಮೇತ ಅವರ ಮಂಚದ ಪಕ್ಕದಲ್ಲಿಟ್ಟು ಬಂದೆ. ಎರಡು ದಿನ ಅದು ಡಬ್ಬದಲ್ಲೇ ಇತ್ತು. ಮೂರನೆಯ ದಿನ ಮಧ್ಯಾಹ್ನ ನಾನು ಅವರಿಗೆ ಚಹಾ ಒಯ್ದಾಗ ನೋಡಿದರೆ ಕಿವಿಯಲ್ಲಿದೆ. ಅವರೇ ಹೇಳಿದರು.

"ತಿಳೀಲಿ ಬಿಡ್ಲಿ, ಅಕಿ ದನಿ ಆರ ಕೇಳೂಣು ಅಂತ ಹಾಕ್ಕೊಂಡೆ. ಎಷ್ಟ್ ದಿನ ಕೇಳಸ್ತೈತೋ."

ನಾನು ಲೋಟ ಅವರ ಕೈಗೆ ಕೊಟ್ಟು ಅಲ್ಲೇ ನಿಂತಿದ್ದೆ. ಅವರು ಒಂದು ಗುಟುಕು ಕುಡಿದು ತಲೆಯೆತ್ತಿ, "ಬಸ್ ಬಂತು ನೋಡು," ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನೋಡಿದರೆ ಹಳದಿ ಬಸ್ಸು ಇನ್ನೂ ಬೀದಿಯ ಆ ತುದಿಯಲ್ಲಿ ತಿರುಗುತ್ತಿತ್ತು.

ಮಗಳು ಬಂದಳು. ಬ್ಯಾಗು ಹೊರಗೇ ಎಸೆದ ಸದ್ದಾಯಿತು. ಒಳಗೆ ಬಂದು ನನ್ನನ್ನು ಕಂಡು ಒಂದು ಕ್ಷಣ ನಿಂತಳು. ನಾನು ಚಹಾ ತಂದ ತಟ್ಟೆ ಎತ್ತಿಕೊಂಡು ಬಾಗಿಲಿನ ಆಚೆ ಹೋದೆ, ಆದರೆ ಅಡುಗೆಮನೆಯವರೆಗೆ ಹೋಗಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಅಜ್ಜಿಯ ಎದುರಿಗೆ ಕೂತಳು. ಕಿವಿಯಲ್ಲಿ ಮಷಿನ್ ಇರುವುದು ಅವಳಿಗೆ ಕಾಣುತ್ತಿತ್ತು. ಆದರೂ ಕೈ ಚಾಚಿ ಅಜ್ಜಿಯ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅಜ್ಜಿ," ಅಂದಳು. "ಇವತ್ತು ಟೀಚರ್ ನಂಗೆ ಬೈದ್ರು. ಎಲ್ಲಾರ ಮುಂದ. ನಂಗೆ ಅಳು ಬಂತು. ಆದ್ರೆ ನಾನು ಅಳಲಿಲ್ಲಾ."

ಅರ್ಧ ನನ್ನ ಕನ್ನಡ, ಅರ್ಧ ಅವಳಪ್ಪನದು, ಕೊನೆಯಲ್ಲಿ ಅದೇ ಎಳೆತ. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿಗಳು ಕೆಂಪಾಗಿದ್ದವು. ಯಾರಾದರೂ ನಗುತ್ತಾರೇನೋ ಎಂದು ಕಾಯುವಂತೆ ನೆಲ ನೋಡುತ್ತ ಕೂತಳು.

ಅತ್ತೆಯ ಕೈಯಲ್ಲಿ ಲೋಟ ಹಾಗೇ ನಿಂತಿತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟು, ಒಂದು ಕೈಯನ್ನು ಕಿವಿಯ ಹಿಂದೆ ಹಿಡಿದು ಮುಂದಕ್ಕೆ ಬಾಗಿದರು.

"ಏನಂದಿ ಯವ್ವಾ? ಕೇಳಸಲಿಲ್ಲ. ಇನ್ನೊಮ್ಮೆ ಹೇಳು."

ಮಗಳು ಇನ್ನೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ಜೋರಾಗಿ.

"ಯಾರು ಬೈದ್ರು? ಮತ್ತೊಮ್ಮೆ ಹೇಳು, ಸಾವಕಾಶ ಹೇಳು."

ಬೀದಿಯ ತುದಿಯಲ್ಲಿದ್ದ ಬಸ್ಸು ಕೇಳಿಸಿದ ಕಿವಿಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಮೊಮ್ಮಗಳ ಮಾತು ಕೇಳಿಸಲಿಲ್ಲವಂತೆ. ನಾನು ತಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದೆ. ಒಳಗೆ ಮಗಳು ಮೂರನೆಯ ಸಲ ಹೇಳತೊಡಗಿದಳು.